ಒಂದೇ ಸಲ ಕೇಳುವ ಮಗಳು

ಫೆಬ್ರುವರಿ 22, ಶನಿವಾರ

ಲೀಲಾವತಿಯನ್ನು ವಿಮಾನ ಹತ್ತಿಸಿ ಬಂದೆ. ಧಾರವಾಡದಲ್ಲಿ ಅವಳ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಾರೆ. ಆಪರೇಷನ್ ಮುಗಿದು ಅವರು ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವವರೆಗೂ ಇವಳು ಅಲ್ಲೇ. ಏಪ್ರಿಲ್ ಕೊನೆಯಾದರೂ ಆದೀತು. ಅಷ್ಟರೊಳಗೆ ನಿಧಿ ಜಪಾನಿಗೆ ಹೋಗಿರುತ್ತಾಳೆ. ಮಗಳನ್ನು ಕಳಿಸಿಕೊಡಲು ತಾನಿರುವುದಿಲ್ಲ ಎಂದು ಏರ್‌ಪೋರ್ಟಿನಲ್ಲಿ ಲೀಲಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆಕಿ ಹೋಗೂ ತನಕ ಇಬ್ರೂ ನಕ್ಕೋತ ಇರ್ರಿ. ಮಾರಿ ಗಂಟು ಹಾಕ್ಕೊಂಡು ಕಳಸಬ್ಯಾಡ್ರಿ," ಅಂದಳು.

"ನಾನ್ಯಾಕ ಗಂಟು ಹಾಕ್ಕೊಳ್ಳಿ?" ಅಂದೆ. ಅವಳು ನನ್ನ ಮುಖ ನೋಡಿದಳು.

ನಿಜ ಹೇಳಬೇಕೆಂದರೆ ನನಗೂ ಅದೇ ಚಿಂತೆ. ನಿಧಿ ಇಲ್ಲೇ, ವೆಲಿಂಗ್ಟನ್ ಪಕ್ಕದ ಲೋವರ್ ಹಟ್ ಊರಿನಲ್ಲಿ ಹುಟ್ಟಿದವಳು, ಈಗ ಇಪ್ಪತ್ತೈದು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಮಾತು ಅವಳಿಗೆ, ಅವಳ ಮಾತು ನನಗೆ ಮುಟ್ಟುವುದು ಲೀಲಾ ಕೈಯಿಂದಲೇ. ಸಿವಿಲ್ ಇಂಜಿನಿಯರಿಂಗ್ ಓದಿದ ಹುಡುಗಿ ವೆಲಿಂಗ್ಟನ್ನಿನ ಒಳ್ಳೆಯ ಕೆಲಸ ಬಿಟ್ಟು, ಫ್ಲ್ಯಾಟ್ ಖಾಲಿ ಮಾಡಿ, ಪೆಟ್ಟಿಗೆಗಳನ್ನು ತಂದು ನಮ್ಮ ಗ್ಯಾರೇಜಿಗೆ ತುಂಬಿದ್ದಾಳೆ. ಜಪಾನಿನಲ್ಲಿ ಮೂರು ಸಾವಿರ ಮೀಟರ್ ಎತ್ತರದ ಬೆಟ್ಟಸಾಲಿನ ಬೆನ್ನಿನ ಮೇಲೆ ಹತ್ತುವವರಿಗೆಂದು ಒಂದು ವಸತಿಮನೆ ಇದೆಯಂತೆ. ಹಿಮ ಬೀಳುವ ತನಕ ಅಲ್ಲಿ ಅನ್ನ ಬೇಯಿಸುವುದು, ಹಾಸಿಗೆ ಮಡಚುವುದು, ನೆಲ ಒರೆಸುವುದು ಇವಳ ಕೆಲಸ. ಮನೆಯಲ್ಲಿ ಒಂದು ದಿನ ಅನ್ನಕ್ಕಿಟ್ಟವಳಲ್ಲ.

ಲೀಲಾ ಇದ್ದಿದ್ದರೆ ಇದನ್ನೆಲ್ಲ ಹೇಳಿ ಅವಳ ತಲೆ ತಿನ್ನುತ್ತಿದ್ದೆ. ಈಗ ಈ ಡೈರಿಯ ಸರದಿ.

ಫೆಬ್ರುವರಿ 25, ಮಂಗಳವಾರ

ಸಂಜೆ ಲ್ಯಾಬಿನಿಂದ ಬಂದು ಕುಳಿತಿದ್ದೆ. ನಿಧಿ ಅಡುಗೆಮನೆಯಿಂದ ಕೂಗಿದಳು. "ಅಪ್ಪಾ, ಟೀ?"

"ಬ್ಯಾಡವಾ," ಅಂದೆ.

"ಓಕೆ," ಅಂದಳು. ತನಗೊಂದು ಕಪ್ ಮಾಡಿಕೊಂಡು ರೂಮಿಗೆ ಹೋದಳು.

ಬೇಡ ಅಂದರೆ ಬೇಡ ಅಂತಲೇ ಅರ್ಥವೇ? ಮೊದಲನೇ ಸಲಕ್ಕೇ ಯಾರಾದರೂ ಹೂಂ ಅನ್ನುತ್ತಾರೆಯೇ? ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೇಳಿದರೆ ಅವರು "ಈಗರ ಆತ್ರಿ" ಅನ್ನಬೇಕು. ನಾವು "ಸ್ವಲ್ಪೇ ಸ್ವಲ್ಪ" ಅನ್ನಬೇಕು. ಅವರು ಹೊರಟವರಂತೆ ಎದ್ದು ನಿಲ್ಲಬೇಕು, ನಾವು ಕೈ ಹಿಡಿದು ಕೂರಿಸಬೇಕು. ಆಮೇಲೆ ಅವರು "ಹಂಗಾರ ಅರ್ಧಾ ಕಪ್ ಹಾಕ್ರಿ" ಅನ್ನುತ್ತಾರೆ. ಅರ್ಧ ಅಂದರೆ ತುಂಬಿದ ಕಪ್ಪು ಅಂತ ಇಬ್ಬರಿಗೂ ಗೊತ್ತು. ಮೊದಲನೇ ಸಲಕ್ಕೇ ಕೈ ಚಾಚಿದವನನ್ನು ನನ್ನ ಅವ್ವ "ಬರಗೆಟ್ಟಾಂವ" ಅನ್ನುತ್ತಿದ್ದಳು. ಅಂಥ ತಾಯಿಯ ಕೈಯಲ್ಲಿ ಬೆಳೆದವನು ನಾನು.

ನಾನೇ ಎದ್ದು ಚಹಾ ಮಾಡಿಕೊಂಡೆ. ಸಕ್ಕರೆ ಜಾಸ್ತಿ ಬಿತ್ತು.

ಮಾರ್ಚ್ 2, ಭಾನುವಾರ

ಊರಿನ ಆ ತುದಿಯ ಜಯಂತನ ಮನೆಯಲ್ಲಿ ಊಟ. ಮೈಸೂರಿನವನು, ನನಗಿಂತ ಬಹಳ ಚಿಕ್ಕವನು. ಅವನ ಹೆಂಡತಿ ಅಪೂರ್ವ ಹೋಳಿಗೆ ಮಾಡಿದ್ದಳು. ಆಹಾ, ಊಟ ಅಂದರೆ ಅದು. ನಾನು ಎಲ್ಲದಕ್ಕೂ ಸಾಕು ಅಂದೆ, ಎಲ್ಲವೂ ತಟ್ಟೆಗೆ ಬಿತ್ತು.

"ಏನ್ ಸರ್ ನೀವು, ಏನೂ ತಿಂದೇ ಇಲ್ಲ. ಲೀಲಾ ಆಂಟಿ ಇಲ್ಲ ಅಂತ ಸಂಕೋಚಾನಾ?" ಎನ್ನುತ್ತಾ ಅಪೂರ್ವ ನಾಲ್ಕನೇ ಹೋಳಿಗೆಯ ಮೇಲೆ ತುಪ್ಪ ಸುರಿದಳು.

ನಿಧಿ ಮಾತ್ರ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ನೋ ಥ್ಯಾಂಕ್ಯೂ ಆಂಟಿ" ಅಂದಳು. ಅಪೂರ್ವ ಕೈಗಳ ಸಂದಿಯಲ್ಲೇ ಹೋಳಿಗೆ ತೂರಿಸಿದಳು. ನಿಧಿ ಅದನ್ನು ಔಷಧಿಯಂತೆ ತಿಂದಳು.

ಕಾರಿನಲ್ಲಿ ನನ್ನನ್ನು ಕೇಳಿದಳು. "ಐ ಸೆಡ್ ನೋ, ಅಪ್ಪಾ. ವೈ ಡಸಂಟ್ ಎನಿವನ್ ಲಿಸನ್?"

"ಪ್ರೀತೀಲೆ ಹಾಕಿದ್ರವಾ."

"ಬಟ್ ಐ ಸೆಡ್ ನೋ."

ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಹೋಳಿಗೆ ಹಾಕಿದರೂ ಸಿಟ್ಟು ಬರುವ ಮಗಳನ್ನು ನಾನು ಇಲ್ಲೇ ನೋಡಿದ್ದು.

ಮಾರ್ಚ್ 5, ಬುಧವಾರ

ಇವತ್ತು ನಿಧಿ ಲ್ಯಾಪ್‌ಟಾಪ್ ಹಿಡಿದು ನನ್ನ ಪಕ್ಕ ಬಂದು ಕುಳಿತಳು. ತರಾರುವಾ ಬೆಟ್ಟಸಾಲಿನ ಚಿತ್ರ ತೋರಿಸಿದಳು. ಹದಿನೈದನೇ ತಾರೀಖು ಹೊರಟು, ಕಾಡು ಮುಗಿಯುವಲ್ಲಿರುವ ಪೊವೆಲ್ ಹಟ್ ಎಂಬ ತಂಗುಮನೆಯಲ್ಲಿ ರಾತ್ರಿ ಕಳೆದು, ಮರುದಿನ ಹೋಲ್ಡ್ಸ್‌ವರ್ತ್ ಶಿಖರ ದಾಟಿ, ಬೆಟ್ಟದ ಬೆನ್ನಿನ ಮೇಲೆಯೇ ನಡೆದು ಜಂಬೋ ಎಂಬ ಶಿಖರ ಮುಟ್ಟಿ ಇಳಿಯುವುದು. ಎತ್ತರ ಜಪಾನಿನ ಅರ್ಧದಷ್ಟು, ಗಾಳಿ ಮಾತ್ರ ಅಲ್ಲಿಯದಕ್ಕೇನೂ ಕಡಿಮೆಯಿಲ್ಲ, ಕಾಲು ಪಳಗಲು ಇದೇ ಸರಿ ಎಂದಳು. ಇಷ್ಟು ಹೊತ್ತು ಅವಳು ನನ್ನ ಪಕ್ಕ ಕುಳಿತು ಎಷ್ಟು ದಿನವಾಯಿತೋ.

ಆಮೇಲೆ, "ಯು ವಾನ ಕಮ್, ಅಪ್ಪಾ?" ಅಂದಳು.

ಎದ್ದು ಕುಣಿಯಬೇಕೆನಿಸಿತು. ಅಷ್ಟು ಖುಷಿ. "ಏ, ನಾ ಎಲ್ಲಿ ಬರ್ಲಿ? ನನ್ನಂಥಾ ಮುದುಕನ್ನ ಕಟಗೊಂಡು ನೀ ಏನ್ ಹತ್ತತೀ, ನೀ ಹೋಗು," ಅಂದೆ.

"ಓಕೆ. ನೋ ವರೀಸ್." ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು.

ಇನ್ನೊಂದೇ ಒಂದು ಸಲ ಕೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಮಾರ್ಚ್ 8, ಶನಿವಾರ

ಲೀಲಾ ಫೋನ್ ಮಾಡಿದ್ದಳು. ಅತ್ತೆಯವರು ನರ್ಸುಗಳನ್ನು ಬೈಯುವಷ್ಟು ಸುಧಾರಿಸಿದ್ದಾರಂತೆ. "ನೀವು ಆರಾಮ ಅದೀರಿ?" ಅಂದಳು. "ಆರಾಮ," ಅಂದೆ. "ಖರೇನ?" ಅಂದಳು. ಅವಳು ಯಾವಾಗಲೂ ಎರಡು ಸಲ ಕೇಳುವವಳು. ಎರಡನೇ ಸಲಕ್ಕೆ ಬೆಟ್ಟದ ಸಂಗತಿ ಎಲ್ಲ ಹೇಳಿಕೊಂಡೆ. ಅವಳು ನಗತೊಡಗಿದಳು. ಇದರಲ್ಲಿ ನಗುವುದೇನಿದೆಯೋ.

ಒಂದು ಗಂಟೆಯ ನಂತರ ನಿಧಿ ಬಂದು ಬಾಗಿಲಲ್ಲಿ ನಿಂತಳು. ಅಮ್ಮ ಹೇಳುವುದು ನಿಜವೇ, ನಿನಗೆ ಬರುವುದಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನೀ ಅಷ್ಟು ಅಂತೀ ಅಂದ್ರ ಬರ್ತೀನಿ."

ಅವಳು ಹಣೆ ಒತ್ತಿಕೊಂಡಳು. ಅತ್ತೂ ಕರೆದೂ ಔತಣ ಹೇಳಿಸಿಕೊಂಡ ಹಾಗಾಯಿತು. ಆದರೂ ಔತಣ ಔತಣವೇ. ಮಧ್ಯಾಹ್ನ ಬೂಟು ಕೊಂಡೆವು, ಮೈಗೆ ಅಂಟುವ ಉಣ್ಣೆ ಅಂಗಿ ಕೊಂಡೆವು. ಸಂಜೆ ಅಕ್ಕಿಚೀಲವನ್ನು ಬೆನ್ನಿಗೆ ಹಾಕಿಕೊಂಡು ಮನೆಯ ಹಿಂದಿನ ಗುಡ್ಡ ಹತ್ತಿಳಿದೆ. ನಾಯಿ ತಿರುಗಿಸಲು ಬಂದಿದ್ದ ಇಲ್ಲಿಯ ಹೆಂಗಸೊಬ್ಬಳು ಭೇಷ್ ಎನ್ನುವಂತೆ "ಗುಡ್ ಆನ್ ಯು" ಅಂದಳು.

ಮಾರ್ಚ್ 15, ಶನಿವಾರ, ಪೊವೆಲ್ ಹಟ್

ಮೆಟ್ಟಿಲು, ಬೇರು, ಮತ್ತೆ ಮೆಟ್ಟಿಲು. ಬಂದು ತಲುಪಿದ್ದೇನೆ. ಇನ್ನೂ ಬೆಳಕಿದೆ, ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಈ ಬೆಟ್ಟದ ಮನೆಯಲ್ಲಿ ಬೂಟು ಹೊರಗೆ ಬಿಟ್ಟು ಒಳಗೆ ಬರಬೇಕು. ನಮ್ಮ ಪದ್ಧತಿಯೇ. ಮಲಗುವುದು ಮದುವೆಮನೆಯ ಹಾಗೆ, ಪಕ್ಕದಲ್ಲಿ ಯಾರೋ, ಕಾಲ ಬಳಿ ಯಾರೋ. ನಿಧಿ ಇಲ್ಲಿ ಬೇರೆಯೇ ಹುಡುಗಿ. ಬಂದವರಿಗೆಲ್ಲ ನೀರು ಎಲ್ಲಿ, ಒಲೆ ಹೇಗೆ ಎಂದು ಹೇಳುತ್ತಾಳೆ, ಯಾರೂ ಹೇಳದೆ ನೆಲ ಗುಡಿಸುತ್ತಾಳೆ. ಈ ಕೆಲಸಕ್ಕಾಗಿ ಅಷ್ಟು ದೂರ ಹೋಗಬೇಕೇ ಎಂದು ಕೇಳಬೇಕೆಂದಿದ್ದೆ, ಅವಳ ಮುಖ ನೋಡಿ ಕೇಳಲಿಲ್ಲ. ಅದರ ಬದಲು, ಮೂರು ಸಾವಿರ ಮೀಟರಿನಲ್ಲಿ ನೀರು ತೊಂಬತ್ತು ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ಅನ್ನ ನಡುವೆ ಕಾಳು ಕಾಳಾಗೇ ಉಳಿಯುತ್ತದೆ ಎಂದು ವಿವರಿಸಿದೆ. ಗಮನವಿಟ್ಟು ಕೇಳಿದಳು. ನನಗೆ ಬಹಳ ಸಮಾಧಾನವಾಯಿತು.

"ಸೂಪ್, ಅಪ್ಪಾ?" ಅಂದಳು. "ಬ್ಯಾಡ, ಹೊಟ್ಟಿ ತುಂಬೈತಿ," ಅಂದೆ. ಉಳಿದ ಸೂಪನ್ನು ಪಕ್ಕದ ಹುಡುಗರಿಗೆ ಕೊಟ್ಟಳು. ಟೊಮ್ಯಾಟೋ ಸೂಪು, ಕಾಳುಮೆಣಸು ಹಾಕಿದ್ದು.

ನಾಳೆ ಜಂಬೋ.

ಮಾರ್ಚ್ 17, ಸೋಮವಾರ

ರಜೆ ಹಾಕಿದ್ದೇನೆ. ಬೆರಳ ತುದಿ ಇನ್ನೂ ಜುಂ ಅನ್ನುತ್ತಿದೆ, ಅಕ್ಷರ ಸೊಟ್ಟಗಾದರೆ ಆಗಲಿ. ನಿನ್ನೆಯದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಹೊರಟಾಗ ಬಿಸಿಲಿತ್ತು. ಹೋಲ್ಡ್ಸ್‌ವರ್ತ್ ಹತ್ತುವಾಗ ಚೆನ್ನಾಗಿ ಬೆವೆತೆ. ನಿಧಿ ಕೊಡಿಸಿದ ಉಣ್ಣೆ ಅಂಗಿಯ ಒಳಗೆ ನಾನು ನನ್ನ ಬಿಳಿ ಕಾಟನ್ ಬನಿಯನ್ ಹಾಕಿಕೊಂಡಿದ್ದೆ. ಹತ್ತಿಬಟ್ಟೆ ಬೇಡವೇ ಬೇಡ, ಅದು ಬೆವರನ್ನು ಹಿಡಿದಿಟ್ಟುಕೊಂಡು ಮೈಯ ಕಾವನ್ನೆಲ್ಲ ಹೀರುತ್ತದೆ ಎಂದು ಅವಳು ಅಂಗಡಿಯಲ್ಲೇ ಹೇಳಿದ್ದಳು. ಹೂಂ ಅಂದಿದ್ದೆ. ಆದರೆ ಬನಿಯನ್ ಇಲ್ಲದೆ ಅಂಗಿ ತೊಡುವುದು ಹೇಗೆ? ಧಾರವಾಡದ ಬಿಸಿಲಲ್ಲೂ ಬಿಡದಿದ್ದದ್ದನ್ನು ಒಂದು ಬೆಟ್ಟಕ್ಕಾಗಿ ಬಿಡಲೇ? ಅವಳಿಗೆ ಕಾಣದ ಹಾಗೆ ಹಾಕಿಕೊಂಡಿದ್ದೆ.

ಶಿಖರ ದಾಟಿದ ಮೇಲೆ ದಾರಿ ಬೆಟ್ಟದ ಬೆನ್ನೇ. ಎರಡೂ ಕಡೆ ಒಣಹುಲ್ಲು ಜಾರಿಕೊಂಡು ಕೆಳಗೆ ಮೋಡದೊಳಕ್ಕೆ ಹೋಗುತ್ತದೆ. ಎಡಗಡೆಯಿಂದ ಗಾಳಿ ಎದ್ದಿತು. ಆಮೇಲೆ ಮೋಡವೇ ನಮ್ಮ ಮೇಲೆ ಬಂತು, ಜಿನುಗು ಶುರುವಾಯಿತು. ನಿಧಿ ತಿರುಗಿ ಕೂಗಿದಳು. "ವಾರ್ಮ್ ಇನಫ್?"

"ಆರಾಮ ಅದೀನಿ!"

ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತೀಯಾ ಎಂದಳು. ಬ್ಯಾಡ ಅಂದೆ. ಬಂಡೆಯ ಬಳಿ ನಿಂತು ಒಣದ್ರಾಕ್ಷಿ ಚಾಕಲೇಟಿನ ಚೀಲ ಚಾಚಿದಳು. "ಬ್ಯಾಡವಾ, ನೀ ತಿನ್ನು," ಅಂದೆ. ತಿಂದಳು. ಚೀಲ ಮಡಚಿ ಒಳಗಿಟ್ಟಳು. ನನ್ನ ಕಣ್ಣು ಚೀಲದ ಜೊತೆಗೇ ಹೋಯಿತು. ಈಗ ಇನ್ನೊಮ್ಮೆ ಕೇಳಿದರೆ ತೆಗೆದುಕೊಳ್ಳುತ್ತೇನೆ ಅಂದುಕೊಂಡೆ. ಅವಳು ಕೇಳದೆ ಮುಂದೆ ನಡೆದಳು. ಅಂಥ ಗಾಳಿಯಲ್ಲೂ ನನಗೆ ಸಿಟ್ಟು ಬಂತು. ಗುರುತಿಲ್ಲದ ಹುಡುಗರಿಗೆ ಸೂಪು, ಅಪ್ಪನಿಗೆ ಎರಡನೇ ಮಾತಿಲ್ಲ ಎಂದುಕೊಳ್ಳುತ್ತಾ ನಡೆದೆ.

ನಡುಕ ಬಂತು. ಹಲ್ಲು ಕಚ್ಚಿ ಹಿಡಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಹಾಯ್ ಎನಿಸಿತು. ಲ್ಯಾಬಿನಲ್ಲಿ ನನ್ನ ಕೆಲಸವೇ ಥರ್ಮಾಮೀಟರುಗಳ ಸುಳ್ಳು ಹಿಡಿಯುವುದು. ನಡುಕ ನಿಂತದ್ದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಾಲು ಒಂದಕ್ಕೊಂದು ತೊಡರಿತು. ಹುಲ್ಲಿನ ಮೇಲೆ ಕುಳಿತುಬಿಟ್ಟೆ. "ನೀ ಮುಂದ ಹೋಗಿ ಮುಟ್ಟಿ ಬಾ. ನಾ ಇಲ್ಲೇ ಕುಂತಿರ್ತೀನಿ," ಅಂದೆ. ಅಂದೆನೋ, ಅನ್ನಲು ಹೊರಟೆನೋ, ನಾಲಿಗೆ ಸರಿಯಾಗಿ ಹೊರಳಲಿಲ್ಲ.

ಅವಳು ಓಡಿ ಬಂದಳು. ಚಳಿ ಎಷ್ಟು ಒಳಗಿಳಿದಿದೆ ಎಂದು ನೋಡಲು, ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸು ಅಂದಳು. ಮುಟ್ಟಿಸಲಾಗಲಿಲ್ಲ. ಆರ್ ಯು ಕೋಲ್ಡ್ ಅಂದಳು. ಇಲ್ಲ ಅಂದೆ. ಈ ಸಲ ಅವಳು ನಂಬಲಿಲ್ಲ. ಬಂಡೆಯ ಮರೆಗೆ ಎಳೆದುಕೊಂಡು ಹೋಗಿ ಜಾಕೆಟ್ ಬಿಚ್ಚಿ ಅಂಗಿಯೊಳಗೆ ಕೈಹಾಕಿದಳು. ಹಿಂಡಿದರೆ ನೀರು ಸುರಿಯುವ ಬನಿಯನ್.

"ಕಾಟನ್," ಅಂದಳು. ಅಷ್ಟೇ.

ಮಗಳೆದುರು ಬರಿಮೈಯಲ್ಲಿ ಕುಳಿತೆ. ತನ್ನ ಚೀಲದಲ್ಲಿದ್ದ ಒಣ ಉಣ್ಣೆ ಅಂಗಿಯನ್ನು ಕೂಸಿಗೆ ತೊಡಿಸಿದಂತೆ ತೊಡಿಸಿದಳು. ಟೊಪ್ಪಿಗೆ ಹಾಕಿದಳು. ಹಳದಿ ಪ್ಲಾಸ್ಟಿಕ್ಕಿನ ದೊಡ್ಡ ಚೀಲ ಬಿಚ್ಚಿ ನನ್ನನ್ನು ಒಳಗೆ ತುಂಬಿ ತಾನೂ ಹೊಕ್ಕು ಬೆನ್ನಿಗೆ ಅಂಟಿ ಕುಳಿತಳು. ಫ್ಲಾಸ್ಕಿನ ಮುಚ್ಚಳ ತೆಗೆದು ಬಾಯಿಗೆ ಹಿಡಿದಳು. "ಕುಡಿ," ಅಂದಳು ಕನ್ನಡದಲ್ಲಿ. ಸಕ್ಕರೆ ನೀರಿನಂಥದ್ದೇನೋ, ಬಿಸಿಯಾಗಿತ್ತು. ಕುಡಿದೆ. "ತಿನ್ನು." ತಿಂದೆ.

ನಡುಕ ವಾಪಸು ಬಂದ ಮೇಲೆ ಅವಳು ಅತ್ತಳು. ಕಿರುಚಿದಳು. ಇಂಗ್ಲಿಷಿನಲ್ಲೇ ಕಿರುಚಿದ್ದು, ನನ್ನೊಳಗೆ ಉಳಿದದ್ದು ಕನ್ನಡದಲ್ಲಿ, ಹಾಗೇ ಬರೆಯುತ್ತೇನೆ. "ನಾನು ಕೇಳಿದಾಗ ನಿಜ ಹೇಳು! ಇಲ್ಲಿ ನನ್ನ ಹತ್ತಿರ ಇನ್ನೇನಿದೆ? ನಿನ್ನ ಒಳಗೆ ಇಣುಕಿ ನೋಡಲಾಗುತ್ತದಾ? ನೀನು ಹೇಳಿದ್ದೇ ನನಗೆ ಮೀಟರ್. ಅದೇ ಸುಳ್ಳು ತೋರಿಸಿದರೆ ನಾನು ಏನು ಮಾಡಲಿ ಅಪ್ಪಾ? ನೀನು ಸತ್ತಿದ್ದರೆ ಅಮ್ಮನಿಗೆ ಏನು ಹೇಳಬೇಕಿತ್ತು? ಕೇಳಿದೆ, ಬೇಡ ಅಂದ ಅಂತಲಾ?"

ಕಟಕಟ ಅನ್ನುವ ಹಲ್ಲಿನಲ್ಲೇ ಚಾಕಲೇಟು ಅಗಿಯುತ್ತಾ ಕುಳಿತೆ.

ಕಾಲಿಗೆ ಜೀವ ಬಂದ ಮೇಲೆ ಹಿಂದಕ್ಕೆ ತಿರುಗಿದೆವು. ಒಂದು ಕ್ಷಣ ಮೋಡ ಸರಿದು ಜಂಬೋ ಕಂಡಿತು, ಆನೆ ಮಲಗಿದಂತೆಯೇ ಇತ್ತು. ನಿಧಿ ಅದರ ಕಡೆ ನೋಡಲೂ ಇಲ್ಲ. ನನ್ನ ಕಾಲನ್ನೇ ನೋಡುತ್ತಾ ನಡೆದಳು.

ಮಾಡಿದ್ದುಣ್ಣೋ ಮಹಾರಾಯ. ಆದರೆ ಉಣಿಸಿದ್ದು ಅವಳಿಗೂ.

ಮಾರ್ಚ್ 19, ಬುಧವಾರ

ನಿಧಿ ನನ್ನನ್ನು ಏನೂ ಕೇಳುವುದಿಲ್ಲ. ಚಹಾ ತಂದು ಮುಂದೆ ಇಡುತ್ತಾಳೆ, ತಟ್ಟೆ ತುಂಬಿಸಿ ಇಡುತ್ತಾಳೆ, ಹೊದಿಕೆ ತಂದು ಕಾಲ ಮೇಲೆ ಹಾಕುತ್ತಾಳೆ. ಬೇಕೋ ಬೇಡವೋ ಎಂಬ ಮಾತೇ ಇಲ್ಲ. ಇಂಥ ಉಪಚಾರವೇ ತಾನೇ ನನಗೆ ಬೇಕಾಗಿದ್ದದ್ದು? ಆದರೆ ಇದು ಆಸ್ಪತ್ರೆಯಲ್ಲಿ ರೋಗಿಗೆ ಕೊಟ್ಟ ಹಾಗಿದೆ.

ಹೀಗೇ ಹೋಗಿಬಿಡುತ್ತಾಳೆ ಅನಿಸುತ್ತದೆ. ಏಪ್ರಿಲ್ ಹನ್ನೆರಡಕ್ಕೆ ವಿಮಾನ. ನಗುತ್ತಾ ಕಳಿಸಿಕೊಡಿ ಅಂದಿದ್ದಳು ಲೀಲಾ.

ಲೀಲಾ ಫೋನಿನಲ್ಲಿ "ಬೆಟ್ಟ ಹೆಂಗಿತ್ತು, ಎಲ್ಲಾ ಆರಾಮ?" ಅಂದಳು. ಆರಾಮ ಅಂದೆ. "ಖರೇನ?" ಅಂದಳು. ಖರೇ ಅಂದೆ. ಬೆಟ್ಟದ ಕಥೆ ಹೇಳಿ ಅಲ್ಲಿ ಅವಳ ನಿದ್ದೆ ಯಾಕೆ ಕೆಡಿಸಬೇಕು.

ಮಾರ್ಚ್ 23, ಭಾನುವಾರ

ನಿಧಿ ಕೆಟಲ್ ಇಟ್ಟ ಸದ್ದು ಕೇಳಿಸಿತು. ಅಡುಗೆಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. "ನನಗೂ ಒಂದು ಕಪ್ ಚಹಾ ಬೇಕು," ಅಂದೆ. ಬಾಯಿಂದ ಬಂದಾಗ ಯಾರೋ ಭಿಕ್ಷೆ ಬೇಡಿದಂತೆ ಕೇಳಿಸಿತು. ಕಿವಿ ಬಿಸಿಯಾಯಿತು.

ಅವಳು ತಿರುಗಿ ನೋಡಿದಳು. "ಹಾಫ್ ಕಪ್?" ಅಂದಳು.

"ಇಲ್ಲ. ತುಂಬ."

ಅವಳ ತುಟಿ ಒಂದಿಷ್ಟು ನಗುವಿನ ಕಡೆಗೆ ಹೋಯಿತು. ಚಹಾ ನೀರುನೀರಾಗಿತ್ತು, ಶುಂಠಿ ಹಾಕಿರಲಿಲ್ಲ. ಅದನ್ನೂ ಹೇಳಿದೆ. "ಗುಡ್ ಟು ನೋ," ಅಂದಳು.

ಮಾರ್ಚ್ 30, ಭಾನುವಾರ

ಯುಗಾದಿ. ಅಪೂರ್ವ ಊಟಕ್ಕೆ ಕರೆದಿದ್ದಳು. ಮೂರನೇ ಹೋಳಿಗೆ ತಂದಾಗ ನಿಧಿ ನನ್ನತ್ತ ನೋಡಿದಳು. "ಆಕೀಗೆ ಸಾಕಂತವಾ, ಖರೇನ ಸಾಕಂತ. ನನಗ ಹಾಕು, ನನಗ ಬೇಕು," ಅಂದೆ. ಅಪೂರ್ವ ನನ್ನನ್ನು ಹುಷಾರಿಲ್ಲದವರನ್ನು ನೋಡುವಂತೆ ನೋಡಿದಳು. ಜಯಂತ "ಸರ್, ಏನಾಯ್ತು ನಿಮಗೆ?" ಅಂದ. ಏನಾಗುವುದು, ಹೋಳಿಗೆ ಚೆನ್ನಾಗಿತ್ತು.

ಮನೆಗೆ ಬಂದು ನಿಧಿ ಕೇಳಿದಳು. ಮುಂದಿನ ವಾರ ಹವೆ ಚೆನ್ನಾಗಿದೆ, ಇನ್ನೊಮ್ಮೆ ಜಂಬೋಗೆ ಹೋಗುತ್ತಿದ್ದೇನೆ, ಬರುತ್ತೀಯಾ ಎಂದು. ಒಂದೇ ಸಲ ಕೇಳಿದಳು, ಕೇಳಿ ಕೈಕಟ್ಟಿ ನಿಂತಳು.

ಬಾಯಿಯೊಳಗೆ "ಏ ನಾ ಎಲ್ಲಿ" ಎಂಬುದು ತಯಾರಾಗಿತ್ತು. ನುಂಗಿದೆ. "ಬರ್ತೀನಿ," ಅಂದೆ. "ಹೆದರಿಕಿ ಐತಿ. ಆದ್ರ ಬರ್ತೀನಿ."

ಏಪ್ರಿಲ್ 6, ಭಾನುವಾರ

ಜಂಬೋ ಮುಟ್ಟಿದೆ!

ಮನೆಗೆ ಈಗಷ್ಟೇ ಬಂದೆವು, ಮೊಣಕಾಲು ನನ್ನದಲ್ಲ. ಬನಿಯನ್ ಇಲ್ಲದೆ ಹೋಗಿದ್ದೆ. ಹತ್ತುವುದಕ್ಕಿಂತ ಕಷ್ಟದ್ದು ಉತ್ತರ ಹೇಳುವುದು. ಅವಳು ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ. ಬಲಗೈಯ ಎರಡು ಬೆರಳು ತಣ್ಣಗಾಗಿವೆ. ಎಡಗಾಲಿನ ಬೂಟು ಹಿಮ್ಮಡಿಯಲ್ಲಿ ಕಚ್ಚುತ್ತಿದೆ. ಹಸಿವಾಗಿದೆ. ಈ ಜಾಗ ಇಕ್ಕಟ್ಟಾಗಿದೆ, ಭಯವಾಗುತ್ತದೆ, ನಿಧಾನ ನಡೆ. ಇಷ್ಟೆಲ್ಲ ತಕರಾರು ಮಾಡಿದರೆ ಬೇಸರವಾಗಬಹುದು ಎಂದುಕೊಂಡಿದ್ದೆ. ಅವಳು ಒಂದೊಂದಕ್ಕೂ ನಿಂತಳು, ಒಂದೊಂದನ್ನೂ ಸರಿಮಾಡಿದಳು. ಹಿಮ್ಮಡಿಗೆ ಪಟ್ಟಿ ಹಚ್ಚುವಾಗ ಸಣ್ಣಗೆ ಏನೋ ಗುನುಗುತ್ತಿದ್ದಳು.

ಶಿಖರದಲ್ಲಿ ನೋಡುವಂಥದ್ದೇನೂ ಇಲ್ಲ, ಹುಲ್ಲು ಮತ್ತು ಕಲ್ಲು. ಆದರೆ ಬಂದ ದಾರಿ ತಿರುಗಿ ನೋಡಿದರೆ, ಅಬ್ಬಾ, ಆ ಬೆಟ್ಟದ ಬೆನ್ನಿನ ಮೇಲೆ ನಾನು ನಡೆದು ಬಂದೆನೇ ಎನಿಸಿತು. ನಿಧಿಯ ತಲೆ ಮು‌ಟ್ಟಿ "ಶಾಬ್ಬಾಸ್ ನನ್ನವ್ವಾ" ಅಂದೆ. ಕಣ್ಣಲ್ಲಿ ನೀರು ಬಂತು, ಗಾಳಿ ಇರಲಿಲ್ಲ.

ಅವಳು ಮಾತ್ರ ಅಷ್ಟು ಖುಷಿಯಾಗಿರಲಿಲ್ಲ. ಸ್ವಲ್ಪ ದೂರ ಹೋಗಿ ಉತ್ತರದ ಕಡೆ ನೋಡುತ್ತಾ ಕುಳಿತಳು. "ಏನಾತು?" ಅಂದೆ. "ನಥಿಂಗ್. ಐಯಾಮ್ ಗುಡ್," ಅಂದಳು. ಸರಿ, ಇಲ್ಲ ಅಂದರೆ ಇಲ್ಲ. ಅಷ್ಟನ್ನಾದರೂ ನಾನು ಕಲಿತಿದ್ದೇನೆ. ಬಿಸ್ಕತ್ತು ತಿಂದೆ.

ಏಪ್ರಿಲ್ 10, ಗುರುವಾರ

ಪೆಟ್ಟಿಗೆ ಕಟ್ಟುತ್ತಿದ್ದಾಳೆ, ಬಿಚ್ಚುತ್ತಿದ್ದಾಳೆ. ಊಟ ಅರ್ಧಕ್ಕೆ ಬಿಟ್ಟಳು. ಹುಷಾರಿದ್ದೀಯಾ ಎಂದೆ. ಫೈನ್ ಎಂದಳು. ಅವಳು ನನ್ನಂತಲ್ಲ, ಇದ್ದದ್ದು ಇದ್ದ ಹಾಗೆ ಹೇಳುವವಳು.

ಏಪ್ರಿಲ್ 12, ಶನಿವಾರ

ಹೋದಳು.

ವೆಲಿಂಗ್ಟನ್ ಏರ್‌ಪೋರ್ಟಿಗೆ ಬೇಗನೇ ತಲುಪಿದ್ದೆವು. ಆಕ್ಲೆಂಡಿಗೆ ಹೋಗಿ ಅಲ್ಲಿಂದ ಟೋಕಿಯೋ. ಲಗೇಜು ಕೊಟ್ಟಾಯಿತು. ಕಾಫಿ ಕುಡಿದೆವು. ಅವಳು ಕೇಳಿದಳು, ನಾನು ಬೇಕು ಅಂದೆ. ಕರೆ ಬಂತು. ಅವಳು ಬೆನ್ನುಚೀಲ ಏರಿಸಿಕೊಂಡಳು. ಅವಳ ಕೈ ಚೀಲದ ಪಟ್ಟಿಯನ್ನು ಬಿಗಿ ಮಾಡುತ್ತಿತ್ತು, ಸಡಿಲ ಮಾಡುತ್ತಿತ್ತು, ಮತ್ತೆ ಬಿಗಿ ಮಾಡುತ್ತಿತ್ತು.

"ಹೆದರಿಕಿ ಆಗೈತೇನವಾ?" ಅಂದೆ.

"ನೋ, ಐಯಾಮ್ ಫೈನ್."

ಸರಿ ಎಂದು ಅಪ್ಪಿಕೊಂಡೆ. ಅವಳು ಸಾಲಿನ ಕಡೆ ನಾಲ್ಕು ಹೆಜ್ಜೆ ಹೋದಳು. ನಾನು ಕಾರಿನ ಕೀ ಜೇಬಿನಿಂದ ತೆಗೆದೆ. ಆಗ ಏನನಿಸಿತೋ. ಅವಳ ಭಾಷೆಯಲ್ಲಿ ಇಲ್ಲ ಅಂದರೆ ಇಲ್ಲ, ಒಪ್ಪಿದೆ. ಆದರೆ ಹುಡುಗಿಯ ಅಪ್ಪ ಧಾರವಾಡದವನು. ಆ ರಕ್ತ ಎಲ್ಲಿ ಹೋಗುತ್ತದೆ? ಹಿಂದೆಯೇ ಹೋಗಿ ತೋಳು ಹಿಡಿದೆ.

"ಖರೇ ಹೇಳು. ಹೆದರಿಕಿ ಆಗೈತಿ?"

"ಅಪ್ಪಾ, ಐ ಸೆಡ್..."

"ನೀ ಏನ್ ಅಂದೀ ಗೊತ್ತೈತಿ. ಮತ್ತೊಮ್ಮೆ ಕೇಳಾಕತ್ತೀನಿ."

ಅವಳ ಗದ್ದ ನಡುಗಿತು. ಚಿಕ್ಕವಳಿದ್ದಾಗ ಹಾಗೆ ನಡುಗುತ್ತಿತ್ತು. "ಹೌದು," ಅಂದಳು. ಕನ್ನಡದಲ್ಲಿ. "ಹೆದರಿಕಿ ಆಗೈತಿ ಅಪ್ಪಾ. ಭಾಳ." ಆಮೇಲೆ ಎರಡೂ ಭಾಷೆ ಕಲಸಿಕೊಂಡು ಸುರಿಯಿತು. ಅಲ್ಲಿ ಯಾರೂ ಗೊತ್ತಿಲ್ಲ, ಜಪಾನೀ ಭಾಷೆ ಶಾಲೆಯಲ್ಲಿ ಕಲಿತಷ್ಟೇ, ಕೆಲಸ ಬಿಟ್ಟದ್ದು ತಪ್ಪಾಯಿತೇನೋ, ಜಂಬೋ ಮೇಲೆ ಕುಳಿತಾಗಿನಿಂದ ಹೊಟ್ಟೆ ನೋಯುತ್ತಿದೆ, ಎಲ್ಲರಿಗೂ ಹೇಳಿಯಾಗಿದೆ, ಈಗ ಬೇಡ ಅನ್ನುವುದು ಹೇಗೆ.

ಬೇಡದಿದ್ದರೆ ಬಿಡು, ಮನೆಗೆ ನಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ನನಗೆ ಬೇಕಾಗಿದ್ದ ಮಾತು, ಅವಳಿಗಲ್ಲ. ಹೀಗಾಗಿ ಇನ್ನೊಂದು ಪ್ರಶ್ನೆ ಕೇಳಿದೆ. "ಹೋಗೂ ಮನಸು ಐತೋ ಇಲ್ಲೋ?"

"ಐತಿ." ಮೂಗು ಒರೆಸಿಕೊಂಡಳು. ಅವಳಮ್ಮನ ಹಾಗೆಯೇ.

"ಹಂಗಾರ ಹೆದರಿಕೀನೂ ಜೋಡಿಗೆ ಕರಕೊಂಡು ಹೋಗು. ಅದಕ್ಕೇನು ಬ್ಯಾರೆ ಟಿಕೀಟು ಬೇಕಾಗಂಗಿಲ್ಲ."

ಅಳುತ್ತಲೇ ನಕ್ಕಳು. ಬಿಗಿಯಾಗಿ ಹಿಡಿದುಕೊಂಡಳು. ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಿಂದ ಫೋನ್ ಮಾಡಿದಾಗ ನಾನು ಫೈನ್ ಅಂದರೆ ಇಟ್ಟುಬಿಡಬೇಡ, ಇನ್ನೊಮ್ಮೆ ಕೇಳು. ಕೇಳುತ್ತೇನೆ ಅಂದೆ. ಸಾಲಿನಲ್ಲಿ ಎಲ್ಲರಿಗಿಂತ ಕೊನೆಯವಳಾಗಿ ಒಳಗೆ ಹೋದಳು.

ಮನೆಗೆ ಬಂದು ಗ್ಯಾರೇಜಿನಲ್ಲಿ ಅವಳ ಪೆಟ್ಟಿಗೆಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸುತ್ತಿದ್ದೆ. ಲೀಲಾ ಫೋನ್ ಮಾಡಿದಳು. ನಕ್ಕೋತ ಹೋದಳಾ ಎಂದು ಕೇಳಿದಳು. ಅತ್ತೂ ಹೋದಳು, ನಕ್ಕೂ ಹೋದಳು ಅಂದೆ.

"ನೀವು? ನೀವು ಆರಾಮ ಅದೀರಿ?"

"ಇಲ್ಲ," ಅಂದೆ. "ಅಳು ಬರಾಕತ್ತೈತಿ. ಮನ್ಯಾಗ ಒಬ್ಬಾಂವಗ ಇರಾಕ ಆಗವಲ್ದು. ನೀ ಲಗೂ ಬಾ."

ಆ ಕಡೆಯಿಂದ ಉಸಿರೂ ಕೇಳಿಸಲಿಲ್ಲ. ಇಷ್ಟು ವರ್ಷ ಅವಳು ತಪ್ಪದೆ ಕೇಳುತ್ತಿದ್ದ "ಖರೇನ?" ಎಂಬ ಮಾತೂ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಹಲೋ ಅಂದೆ.